ಮಿಸೌರಿಯಲ್ಲೊಂದು ಫ್ರಾನ್ಸು

ಸುಳ್ಳು ಹೇಳುವುದು ನನಗೆ ಬರುವುದಿಲ್ಲ. ಆದರೆ ನಿಜವನ್ನು ಅರ್ಧಕ್ಕೇ ನಿಲ್ಲಿಸುವುದರಲ್ಲಿ ನಾನು ಚೆನ್ನಾಗಿ ಪಳಗಿದ್ದೇನೆ. ದುಬೈಯ ಅಲ್ ಕುಸೈಸಿನ ನಮ್ಮ ಫ್ಲ್ಯಾಟಿನಲ್ಲಿ ಸಂಸಾರ ಸುಸೂತ್ರವಾಗಿ ನಡೆದಿದ್ದರೆ ಅದಕ್ಕೆ ಈ ವಿದ್ಯೆಯೇ ಕಾರಣ ಎಂದು ನಂಬಿದ್ದೆ, ಕಳೆದ ಬೇಸಿಗೆ ರಜೆಯವರೆಗೆ.

ಮದುವೆಯಾಗಿ ಇಪ್ಪತ್ತೈದು ವರ್ಷವಾದ ನೆಪದಲ್ಲಿ ಹೆಂಡತಿ ಶೈಲಾ, "ಈ ಸಲ ಫ್ರಾನ್ಸಿಗೆ ಹೋಗುವ ಮಾರಾಯ್ರೆ" ಎಂದಳು. ಅಷ್ಟರಲ್ಲಾಗಲೇ ಅಮೆರಿಕದ ಮಿಸೌರಿಯಲ್ಲಿರುವ ಗೆಳೆಯ ಸದಾನಂದನಿಗೆ, ಬರುತ್ತೇವೆಂದು ನಾನು ಮಾತು ಕೊಟ್ಟಾಗಿತ್ತು. "ಸದಾನಂದನ ಮನೆಯ ಹತ್ತಿರವೇ ಫ್ರೆಂಚರು ಕಟ್ಟಿದ ಊರಿದೆ. ಬೆಟ್ಟ, ಹೊಳೆ, ದ್ರಾಕ್ಷಿತೋಟ ಎಲ್ಲ ಉಂಟು" ಎಂದು ಹೇಳಿ ಬಾಯಿ ಮುಚ್ಚಿಕೊಂಡೆ. ಅವಳು ಗುಲಾಬಿ ರೇಷ್ಮೆ ಸೀರೆಯನ್ನೂ ಅದಕ್ಕೊಪ್ಪುವ ಹೈ ಹೀಲ್ಸನ್ನೂ ಕೊಂಡಳು.

ಆ ಊರಿರುವ ಕೌಂಟಿ ಎಂದರೆ ನಮ್ಮ ತಾಲೂಕಿನಂಥದ್ದು. ಸದಾನಂದನ ಕಾರು ಜಲ್ಲಿ ರಸ್ತೆಗೆ ಇಳಿಯಿತು. ಎರಡೂ ಕಡೆ ದನಗಳು. ಮುಂದೆ ಉದ್ದ ಜಗಲಿಯ ಹಳೇ ಮರದ ಮನೆಗಳು.

"ಫ್ರೆಂಚರು ಎಲ್ಲಿ?" ಶೈಲಾ ಕೇಳಿದಳು.

"ಅವರ ಆಳ್ವಿಕೆ ಮುಗಿದು ಇನ್ನೂರು ವರ್ಷ ದಾಟಿತಲ್ಲ ಅತ್ತಿಗೆ" ಎಂದ ಸದಾನಂದ.

ಕಾರಿನಿಂದ ಇಳಿದದ್ದೇ ಶೈಲಾಳ ಚಪ್ಪಲಿಯ ಹಿಮ್ಮಡಿ ಕೆಸರಿನಲ್ಲಿ ಹೂತಿತು. ಜೊತೆಗೆ ಬಂದಿದ್ದ ಮಗಳು, "ಪಪ್ಪಾ, ಯು ಆರ್ ಫಿನಿಶ್ಡ್" ಎಂದು ಪಿಸುಗುಟ್ಟಿದಳು. ಶೈಲಾ ನನ್ನತ್ತ ನೋಡದೆ ಚಪ್ಪಲಿಯನ್ನು ಕಿತ್ತು ಕೆಸರು ಕೆರೆಯತೊಡಗಿದಳು. ಬೈದಿದ್ದರೆ ನನಗೆ ಸಮಾಧಾನವಾಗುತ್ತಿತ್ತು.

ನನ್ನನ್ನು ಉಳಿಸಿದ್ದು ಅಲ್ಲಿನ ಒಂದು ಹಳೇ ಮನೆಯನ್ನು ಪ್ರವಾಸಿಗರಿಗೆ ತೋರಿಸುವ ಮುದುಕಿ. ಸೀರೆಯನ್ನು ಮುಟ್ಟಿ ನೋಡಿ, ಬೆರಗಾಗಿ, ಒಳಗಿನಿಂದ ತನ್ನ ರಬ್ಬರ್ ಬೂಟು ತಂದುಕೊಟ್ಟಳು. ಇಬ್ಬರೂ ಜಗಲಿಯಲ್ಲಿ ಕೂತು ಅರ್ಧ ಗಂಟೆ ಮಾತಾಡಿದರು. ಉಪ್ಪಿನಕಾಯಿಯ ವಿಷಯವಂತೆ. ಆಮೇಲೆ ಶೈಲಾ ಸೀರೆಯನ್ನು ಎತ್ತಿ ಸಿಕ್ಕಿಸಿ, ಬೂಟಿನಲ್ಲಿ ದಪದಪ ಹೆಜ್ಜೆ ಹಾಕುತ್ತ ಹತ್ತಿರದ ಕಾಡಿನಲ್ಲಿದ್ದ ಸಣ್ಣ ಜಲಪಾತದವರೆಗೂ ಇಳಿದಳು. ಅವಳಿಗೆ ಕೈ ಕೊಡಲು ಹೋದ ನಾನು ಪಾಚಿಯ ಮೇಲೆ ಜಾರಿ, ಸೊಂಟದವರೆಗೆ ನೀರಿನಲ್ಲಿ ಕೂತೆ. ಅವಳು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಆ ತಣ್ಣನೆ ನೀರಿನಲ್ಲಿ ಕೂತೇ ನಾನು ದೇವರಿಗೆ ಕೈ ಮುಗಿದೆ.

ದುಬೈಗೆ ಮರಳಿದ ಮೇಲೆ, ಒಂದು ಶನಿವಾರ, ಊದ್ ಮೇಥಾ ಬಡಾವಣೆಯಲ್ಲಿ ನಮ್ಮೂರಿನವರೆಲ್ಲ ಸೇರಿದ್ದರು. ಶೈಲಾ ಫೋಟೋ ತೋರಿಸುತ್ತ ಹೇಳುತ್ತಿದ್ದಳು: "ಪ್ಯಾರಿಸ್ಸಿಗೆ ಎಲ್ಲರೂ ಹೋಗ್ತಾರೆ. ನಂಗೆ ಮೊದಲಿಂದ್ಲೂ ಇಂಥ ಹಳ್ಳಿಯೇ ನೋಡ್ಬೇಕಿತ್ತು. ಇವರದ್ದೇ ಪ್ಯಾರಿಸ್ ಪ್ಯಾರಿಸ್ ಅಂತ ಒಂದೇ ಹಠ!"

ನಾನು ಬಾಯಿ ತೆರೆದೆ. ಅವಳು ನೋಡಿದಳು. ಮುಚ್ಚಿದೆ.

"ಬೇಜಾರು ಮಾಡ್ಬೇಡಿ ಭಾವ, ಮುಂದಿನ ವರ್ಷ ಹೋಗುವಿರಂತೆ" ಎಂದು ಒಬ್ಬರು ನನ್ನ ತಟ್ಟೆಗೆ ಮರುಕದಿಂದ ಎರಡು ಗೋಳಿಬಜೆ ಹಾಕಿದರು. ನಾನು ಆದಷ್ಟು ಬೇಸರದ ಮುಖ ಮಾಡಿಕೊಂಡು ಎರಡನ್ನೂ ತಿಂದೆ.