ನಮ್ಮ ಮಾಮಾನ ಫ್ರೆಸ್ನೊ

ಅಮೆರಿಕದ ಫ್ರೆಸ್ನೊ ಎಂಬ ಊರನ್ನು ಅಲ್ಲಿಯ ಪೋಸ್ಟ್‌ಮನ್‌ಗಿಂತ ಚೆನ್ನಾಗಿ ಬಲ್ಲವರೊಬ್ಬರು ಇಂಗ್ಲೆಂಡಿನ ಮ್ಯಾಂಚೆಸ್ಟರಿನ ವಿದನ್‌ಶಾ ಬಡಾವಣೆಯಲ್ಲಿದ್ದಾರೆ. ಇದುವರೆಗೆ ಅಮೆರಿಕದ ನೆಲ ಮೆಟ್ಟಿಲ್ಲ ಎಂಬುದೊಂದೇ ಸಣ್ಣ ಕೊರತೆ!

ಅವರು ನನ್ನ ಅಕ್ಕನ ಗಂಡ. ನಮ್ಮ ವಿಜಯಪುರದ ಕಡೆ ಅಕ್ಕನ ಗಂಡನಿಗೆ ಮಾಮಾ ಎನ್ನುತ್ತೇವೆ. ನಡೆಯಲಾರದ ಪ್ರಯಾಣಿಕರನ್ನು ಗಾಲಿಕುರ್ಚಿಯಲ್ಲಿ ಕೂರಿಸಿ ವಿಮಾನದ ಬಾಗಿಲಿಗೆ ಮುಟ್ಟಿಸುವುದು ಅವರ ಕೆಲಸ. ಹೀಗೆ ಅರ್ಧ ಜಗತ್ತನ್ನು ದಬ್ಬಿ ದಬ್ಬಿ ಕಳಿಸಿದ್ದಾರೆ. ಸ್ವಂತ ಮನೆಯ ಪೋಸ್ಟ್‌ಕೋಡ್ ಕೇಳಿದರೆ ಇವತ್ತಿಗೂ ಜೇಬಿನಿಂದ ಚೀಟಿ ತೆಗೆಯುತ್ತಾರೆ. ಫ್ರೆಸ್ನೊ ಕೇಳಿ, ಕಣ್ಣು ಮುಚ್ಚಿಕೊಂಡು ಹೇಳುತ್ತಾರೆ. ಕೇಳದಿದ್ದರೂ ಹೇಳುತ್ತಾರೆ, ತೊಂದರೆ ಇರುವುದು ಅಲ್ಲಿ.

ಬಟಾಬಯಲಿನಲ್ಲಿ ಮೊದಲು ರೈಲು ನಿಲ್ದಾಣ ಬಂತಂತೆ, ಊರು ಆಮೇಲೆ. ಹಳಿ ಓರೆಯಾಗಿ ಹೋಗಿದ್ದರಿಂದ ಹಳೆಯ ಪೇಟೆಯ ಬೀದಿಗಳೂ ಓರೆ. ಆಮೇಲೆ ಬೆಳೆದ ಬಡಾವಣೆಗಳು ಮಾತ್ರ ನೆಟ್ಟಗೆ. ಪೂರ್ವಕ್ಕೆ ಹಿಮದ ಬೆಟ್ಟ. ಹಿಮ ಕರಗಿದ ನೀರು ಕಾಲುವೆಗೆ, ಕಾಲುವೆಯ ನೀರು ದ್ರಾಕ್ಷಿಗೆ. ಚಳಿಗಾಲದಲ್ಲಿ ಮಂಜು ಇಳಿದರೆ ಎದುರಿನ ಕಾರು ಕಾಣುವುದಿಲ್ಲ. ತೀರಾ ದೊಡ್ಡ ಊರಲ್ಲ, ಸಣ್ಣದೂ ಅಲ್ಲ. “ನಮ್ಮ ಹುಬ್ಬಳ್ಳಿ ಇದ್ದಂಗ ಅಂತ ತಿಳ್ಕೊ” ಎಂದು ಮುಗಿಸುತ್ತಾರೆ. ಮುಗಿಸಿ, ಒಂದು ಗುಟುಕು ಚಹಾ ಕುಡಿದು, ಮತ್ತೆ ರೈಲು ನಿಲ್ದಾಣದಿಂದ ಶುರು ಮಾಡುತ್ತಾರೆ!

ಒಮ್ಮೆ ಒಬ್ಬ ಮುದುಕಿಗೆ ಚೆಕ್-ಇನ್‌ನಿಂದ ಗೇಟಿನವರೆಗೆ ಮಾತಿನಲ್ಲೇ ಇಡೀ ಫ್ರೆಸ್ನೊ ತೋರಿಸಿದರಂತೆ. ಗೇಟಿನಲ್ಲಿ ಆಕೆ, ತಾನು ಹೊರಟಿರುವುದು ದುಬೈಗೆ ಎಂದಳು. ಅವಸರವಿಲ್ಲ, ಮುಂದಿನ ಸಲ ಹೋಗಿಬನ್ನಿ ಎಂದು ಇವರು ಸಮಾಧಾನ ಹೇಳಿ ಬಂದರು. ಲೀಡ್ಸ್‌ನ ಹೆಡಿಂಗ್ಲೀಯಲ್ಲಿ ನನ್ನ ಮೊಮ್ಮಗಳನ್ನು ತೊಟ್ಟಿಲಿಗೆ ಹಾಕಿದ ದಿನ ಹಿರಿಯರೆಂದು ಮಾಮಾನನ್ನು ಎರಡು ಮಾತಿಗೆ ನಿಲ್ಲಿಸಿದೆವು. ನೀರು ಬೆಟ್ಟ ಇಳಿದು ಕಾಲುವೆ ಮುಟ್ಟುವಷ್ಟರಲ್ಲಿ ಕೂಸು ಮಲಗಿತ್ತು, ಅದರ ಹಿಂದೆ ಅರ್ಧ ನೆಂಟರೂ ಮಲಗಿದರು. “ತೊಟ್ಟಿಲ ತೂಗೋ ಕೆಲಸ ಉಳೀತು” ಎಂದಳು ನನ್ನ ಹೆಂಡತಿ.

ಹೀಗಿರುವಾಗ ಕಳೆದ ಬೇಸಿಗೆಯಲ್ಲಿ ಬರ್ಮಿಂಗ್‌ಹ್ಯಾಮ್‌ನ ಎಜ್‌ಬಾಸ್ಟನ್‌ನಲ್ಲಿರುವ ಡಾಕ್ಟರೊಬ್ಬರ ಮಗನ ನಿಶ್ಚಿತಾರ್ಥ. ಅಡುಗೆ ನನ್ನದು. ನಾನು ಏಳನೇ ಇಯತ್ತೆಗೆ ಶಾಲೆ ಬಿಟ್ಟವನು. ಆದರೆ ಲೀಡ್ಸ್‌ನಿಂದ ಬರ್ಮಿಂಗ್‌ಹ್ಯಾಮ್‌ವರೆಗೆ ನನ್ನ ಬದನೆಕಾಯಿ ಎಣ್ಣೆಗಾಯಿಗಾಗಿ ಆಸ್ಪತ್ರೆಯ ಡ್ಯೂಟಿ ಬದಲಾಯಿಸಿಕೊಂಡು ಬರುವ ಡಾಕ್ಟರುಗಳಿದ್ದಾರೆ. ಬಡಿಸಲಿಕ್ಕೆ ಮಾಮಾ, ಅಕ್ಕ ಬಂದಿದ್ದರು. ಹುಡುಗಿಯ ಕಡೆಯವರು ಅಮೆರಿಕದವರು ಎಂದು ಗೊತ್ತಿತ್ತು. ಹುಡುಗಿಯ ಅಜ್ಜಿ ಫ್ರೆಸ್ನೊದವಳು, ಜನ್ಮವಿಡೀ ಒಣದ್ರಾಕ್ಷಿ ಬೆಳೆದ ಒಕ್ಕಲಗಿತ್ತಿ ಎಂದು ಗೊತ್ತಾದಾಗ ನನ್ನ ಕೈಯ ಸೌಟು ಅಲ್ಲಿಯೇ ನಿಂತಿತು.

ಮಾಮಾನ ಫ್ರೆಸ್ನೊ ಹುಚ್ಚು ಗೊತ್ತಿದ್ದ ಡಾಕ್ಟರು ಅಡುಗೆಮನೆಯ ಬಾಗಿಲಿಗೇ ಬಂದು ಅವರಿಗೆ ಮೈಕ್ ಚಾಚಿದರು. “ಸರ್, ನಮ್ಮ ಬೀಗರ ಊರಿನ ಪರಿಚಯ ಇವತ್ತು ನೀವೇ ಮಾಡ್ಕೊಡ್ಬೇಕು.”

ಅದು ಗೌರವವಲ್ಲ, ತಮಾಷೆ. ಹಾಲ್‌ನಲ್ಲಿ ಆಗಲೇ ಹತ್ತಾರು ಫೋನುಗಳು ಎದ್ದು ನಿಂತಿದ್ದವು. ನಾನು ಮಾಮಾನ ತೋಳು ಹಿಡಿದೆ.

“ಬ್ಯಾಡ್ರಿ ಮಾಮಾ. ಆಕಿ ಅಲ್ಲೇ ಹುಟ್ಟಿ ಬೆಳದಾಕಿ.”

ಅವರು ಏಪ್ರನ್ ಬಿಚ್ಚಿ ನನ್ನ ಕೈಗೆ ಕೊಟ್ಟರು. “ಒಂದು ತಪ್ಪಿದ್ರೂ ಬಿಟ್ಟುಬಿಡ್ತೀನಿ ತಮ್ಮಾ. ಮತ್ತ ಆ ಊರಿನ ಹೆಸರು ತಗಿಯಂಗಿಲ್ಲ.”

ಇಷ್ಟು ವರ್ಷ ನಾವೆಲ್ಲ ಬೇಡಿಕೊಂಡ ವರವೇ ಅದು! ಕೈಗೆ ಬರುವ ಹೊತ್ತಿಗೆ ಅದು ಬರದಿರಲಿ ಎಂದು ನಾನೇ ಬೇಡಿಕೊಳ್ಳುತ್ತಿದ್ದೆ.

ಮಾಮಾ ತಮ್ಮ ವಿಮಾನ ನಿಲ್ದಾಣದ ಇಂಗ್ಲಿಷಿನಲ್ಲಿ ಹೇಳುತ್ತ ಹೋದರು. ರೈಲು, ಓರೆ ಬೀದಿ, ಕಾಲುವೆ, ಮಂಜು. ಅಜ್ಜಿಯ ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. ಎಲ್ಲ ಮುಗಿದ ಮೇಲೆ ಆಕೆ ಕೇಳಿದ್ದು ಒಂದೇ ಪ್ರಶ್ನೆ: ನಮ್ಮಲ್ಲಿ ಒಣದ್ರಾಕ್ಷಿ ತೋಟದ ಸಾಲುಗಳು ಯಾವ ದಿಕ್ಕಿಗಿರುತ್ತವೆ?

ಹಾಲ್ ಗೊಳ್ಳೆಂದಿತು. ಬಳ್ಳಿಯ ಸಾಲಿಗೂ ದಿಕ್ಕೇ!

ಮಾಮಾ ಮೈಕ್ ಕೆಳಗಿಟ್ಟರು. ಎರಡೂ ಕೈ ಅಗಲಿಸಿ ನಿಂತರು. ಪೂರ್ವ-ಪಶ್ಚಿಮ ಎಂದರು. ಸಾಲುಗಳ ನಡುವೆ ನೆಲಕ್ಕೆ ಕಾಗದ ಹಾಸಿ ಗೊಂಚಲು ಒಣಗಲು ಬಿಡುತ್ತೀರಿ, ಸಾಲು ಬೇರೆ ದಿಕ್ಕಿಗಿದ್ದರೆ ಬಳ್ಳಿಯ ನೆರಳು ಕಾಗದದ ಮೇಲೆ ಬಿದ್ದು ಬಿಸಿಲು ತಪ್ಪುತ್ತದೆ. ಈಗೀಗ ಕೆಲವರು ಬಳ್ಳಿಯಲ್ಲೇ ಒಣಗಿಸುತ್ತಾರೆ ಎಂದರು. ಅಷ್ಟಕ್ಕೆ ಸುಮ್ಮನಾಗುವ ಪೈಕಿಯೇ? ನಮ್ಮ ವಿಜಯಪುರದಲ್ಲಿ ಶೆಡ್ಡಿನ ನೆರಳಿನಲ್ಲಿ, ಬಲೆ ಬಿಗಿದ ಅಟ್ಟಣಿಗೆಯ ಮೇಲೆ ಒಣಗಿಸುತ್ತೇವೆ, ಬಣ್ಣ ಕೆಡುವುದಿಲ್ಲ, ನೀವೂ ನೆಲ ಬಿಟ್ಟು ಸ್ವಲ್ಪ ಮೇಲೇಳಿ ಎಂದು ಬುದ್ಧಿಯನ್ನೂ ಹೇಳಿಬಿಟ್ಟರು!

ಅಜ್ಜಿ ಕೋಲು ಊರಿ ಎದ್ದಳು. ನೇರ ಬಂದು ಮಾಮಾನ ಕೈ ಹಿಡಿದು, ಇಷ್ಟು ನನ್ನ ಸ್ವಂತ ಮೊಮ್ಮಕ್ಕಳಿಗೂ ತಿಳಿದಿಲ್ಲ ಎಂದಳು. ಬಲೆಯ ಕಣ್ಣು ಎಷ್ಟು ಅಗಲವಿರಬೇಕು ಎಂದೂ ಕೇಳಿದಳು. ಫೋನುಗಳು ಒಂದೊಂದಾಗಿ ಇಳಿದವು. ಮೊದಲು ಚಪ್ಪಾಳೆ ಹೊಡೆದವರು ಆ ಡಾಕ್ಟರೇ. ನಾನು ಸೌಟಿನಿಂದ ಪಾತ್ರೆಯನ್ನೇ ಬಾರಿಸಿದೆ. ಆ ದಿನ ನನ್ನ ಎಣ್ಣೆಗಾಯಿ ತಣ್ಣಗಾಯಿತು, ಯಾರೂ ಕೇಳಲಿಲ್ಲ. ನನ್ನ ಅಡುಗೆಯನ್ನು ಜನ ಮರೆತು ನಾನು ಹಿಗ್ಗಿದ್ದು ಅದೊಂದೇ ಸಲ.

ಹಿಂದುಗಡೆ ಪಾತ್ರೆ ತೊಳೆಯುತ್ತ ಅಕ್ಕನನ್ನು ಕೇಳಿದೆ, ಜಗತ್ತಿನಲ್ಲಿ ಇಷ್ಟು ಊರಿದ್ದರೂ ಮಾಮಾ ಇದನ್ನೇ ಯಾಕೆ ಹಿಡಿದರು?

“ನಾ ಇಲ್ಲಿಗೆ ಬಂದ ಹೊಸದರಾಗ ಮೂರು ತಿಂಗಳು ದವಾಖಾನ್ಯಾಗ ಬಿದ್ದಿದ್ನಲ್ಲ ತಮ್ಮಾ. ದಿನಾ ಬಂದು ಕುಂದರತಿದ್ರು. ನಮ್ಮೂರ ಸುದ್ದಿ ತಗದ್ರ ಸಾಕು, ಅವ್ವನ ನೆನಪಾಗಿ ಅಳತಿದ್ದೆ. ಒಂದಿನ ಒಣದ್ರಾಕ್ಷಿ ತಂದಿದ್ರು, ಆ ಪಾಕೀಟಿನ ಮ್ಯಾಲ ಈ ಊರಿನ ಹೆಸರಿತ್ತು. ಮರುದಿನದಿಂದ ಲೈಬ್ರರಿಗೆ ಹೋಗಿ ಒಂದೊಂದು ಬೀದಿ ಓದ್ಕೊಂಡು ಬರಾಕ ಹತ್ತಿದ್ರು.”

ಅಕ್ಕ ಅರಿವೆ ಹಿಂಡಿದಳು.

“ಆ ಊರಾಗ ನಮ್ಮವರು ಯಾರೂ ಇರಲಿಲ್ಲ ನೋಡು. ಎಷ್ಟು ಮಾತಾಡಿದ್ರೂ ಅಳು ಬರತಿರಲಿಲ್ಲ.”

ಹಾಲ್‌ನಲ್ಲಿ ಮಾಮಾ ಯಾರಿಗೋ ಮತ್ತೆ ಮೊದಲಿನಿಂದ ಹೇಳಲು ಶುರು ಮಾಡಿದ್ದರು. ನೀರಿನ ಸದ್ದಿಗೆ ಸರಿಯಾಗಿ ಕೇಳಿಸುತ್ತಿರಲಿಲ್ಲ, ನಾನು ನಲ್ಲಿ ನಿಲ್ಲಿಸಿದೆ.