ಧರ್ಮದ ಎಂ.ಎ. ಓದಿದ ಸೊಸೆ

ಕಾಶಪ್ಪ: ಪರೀಕ್ಷಾ ಪರೀಕ್ಷಾ ಅಂತ ಏನ್ ಹಚ್ಚೀರಿ ಬೀಗರ? ಮಾಘದಾಗ ಮದುವಿ ಮುಗಿಸಿಬಿಡೂಣು. ಮರುವಾರನ ನಮ್ಮ ಹೊಸ ಮನಿ ಶಾಂತಿ ಅದ, ನಿಮ್ಮ ಮಗಳ ಕೂತು ಪೂಜಾ ಮಾಡಿಸಲಿ.

ರಾಮಲಿಂಗಪ್ಪ: ಆಕಿ ಓದೋದು ಧರ್ಮರಿ. ಪೂಜಾ ಅಲ್ಲ.

ಕಾಶಪ್ಪ: ರೊಟ್ಟಿ ಬಡಿಯಾಕ ಬರ್ತದ, ಸುಡಾಕ ಬರಂಗಿಲ್ಲ ಅಂದಂಗಾತು.

ಕಾಶಪ್ಪನವರು ದೌಂಡ ಸ್ಟೇಷನ್ನಿನ ಪಾರ್ಸಲ್ ಆಫೀಸಿನಲ್ಲಿ ಹಿರಿಯ ಗುಮಾಸ್ತರು. ಅಲ್ಲಿಯ ಕನ್ನಡ ಸಂಘಕ್ಕೆ, ಬೇರೆ ಯಾರೂ ಒಲ್ಲೆ ಅಂದದ್ದರಿಂದ, ಕಾಯಂ ಅಧ್ಯಕ್ಷರು. ಎಪ್ಪತ್ತೊಂಬತ್ತರ ಆ ಚಳಿಗಾಲದಲ್ಲಿ ಮಗನಿಗೆ ಹೆಣ್ಣು ನೋಡಲು ಪುಣೆಯ ಸದಾಶಿವ ಪೇಠದ ರಾಮಲಿಂಗಪ್ಪನವರ ಮನೆಗೆ ಬಂದಿದ್ದರು. ಹುಡುಗಿ ಇಂದೂ ಧರ್ಮದ ಎಂ.ಎ. ಕಡೇ ವರ್ಷದಲ್ಲಿದ್ದಾಳೆ ಎಂದು ಕೇಳಿದಾಗಿನಿಂದ ಅವರಿಗೆ ಒಂದೇ ಸಂಭ್ರಮ. ದೌಂಡದಲ್ಲಿ ಯಾವ ಕಾರ್ಯವಾದರೂ ಪೂಜೆಗೆ ಅಯ್ಯನವರು ಸೊಲ್ಲಾಪುರದಿಂದ ಪ್ಯಾಸೆಂಜರ್ ಗಾಡಿಯಲ್ಲಿ ಬರಬೇಕು. ಗಾಡಿ ತಡವಾದರೆ ಮುಹೂರ್ತವೂ ತಡ. ಇನ್ನು ಮೇಲೆ ಮನೆಯಲ್ಲೇ ಅಯ್ಯನವರು, ಅದೂ ಡಿಗ್ರಿ ಇದ್ದವರು.

ಇಂದೂ ಚಹಾ ತಂದಿಟ್ಟಳು.

ಕಾಶಪ್ಪ: ಯವ್ವಾ, ನಮ್ಮ ಆಫೀಸಿನ ಈರಣ್ಣನ ಮಗನ ತೊಟ್ಟಿಲ ಕಾರ್ಯಕ್ಕೂ ನೀನ ಬರ್ತೀ ಅಂತ ಮಾತು ಕೊಟ್ಟೀನಿ. ಕಾಲೇಜಿನ್ಯಾಗ ಮಂತ್ರ ಎಷ್ಟು ಕಲಿಸ್ಯಾರ?

ಇಂದೂ: ಒಂದೂ ಇಲ್ರಿ ಕಾಕಾ. ಮಂದಿ ಮಂತ್ರ ಯಾಕ ಹೇಳಸ್ತಾರ ಅನ್ನೋದು ಓದ್ತೀವಿ.

ಕಾಶಪ್ಪ: ಯಾಕ ಅಂತ ಕೇಳಾಕ ಎಂ.ಎ. ಬೇಕೇನು? ನನ್ನ ಹೇಣ್ತಿ ಸಾಲಿ ಮೆಟ್ಟಲಾ ಹತ್ತಿಲ್ಲ, ದಿನಾ ಕೇಳ್ತಾಳ.

ಇಂದೂ: ಜೈನರದು, ಕ್ರಿಸ್ತರದು, ಮುಸಲ್ಮಾನರದೂ ಓದ್ತೀವ್ರಿ.

ಕಾಶಪ್ಪನವರು ಚಹಾದ ಕಪ್ಪು-ಬಸಿ ಕೆಳಗಿಟ್ಟರು. ಸಂಬಂಧ ಕೈ ತಪ್ಪೀತೆಂದು ರಾಮಲಿಂಗಪ್ಪನವರು ನಡುವೆ ಬಾಯಿ ಹಾಕಿದರು.

ರಾಮಲಿಂಗಪ್ಪ: ಪರೀಕ್ಷಾ ಬಿಟ್ಟರೂ ನಡೀತದ ಬಿಡ್ರಿ. ಆರತಿ ಬೆಳಗಾಕಂತೂ ಬರ್ತದ.

ಇಂದೂ: ಅಪ್ಪಾ, ನಾ ಪರೀಕ್ಷಾಕ್ಕ ಕೂಡಾಕಿನ.

ಕಾಶಪ್ಪ: ಮಂತ್ರ ಬರಂಗಿಲ್ಲ ಅಂದ್ರ ಅಲ್ಲಿ ಕೂತು ಬರಿಯೋದರ ಏನು?

ಇಂದೂ: ಪೂಜಾ ಇಟಗೊಂಡವರ ಪೂಜಾದ ನಡಕ ಗಡಿಯಾರ ಯಾಕ ನೋಡ್ತಾರ, ಅಂಥಾದ್ದರಿ.

ದೌಂಡದ ಗಾಡಿಗೆ ಹೊತ್ತಾಯಿತೇನೋ ಎಂದು ಮುಂಗೈ ಗಡಿಯಾರ ನೋಡುತ್ತಿದ್ದ ಕಾಶಪ್ಪನವರು ತೋಳು ಸರಕ್ಕನೆ ಕೆಳಗೆ ಎಳೆದುಕೊಂಡರು. ಆದರೆ ಅಧ್ಯಕ್ಷರಾದವರು ಕೊನೆಯ ಮಾತು ಬೇರೆಯವರಿಗೆ ಬಿಟ್ಟುಕೊಟ್ಟ ದಾಖಲೆ ಸಂಘದಲ್ಲಿಲ್ಲ. ಗಂಟಲು ಸರಿಮಾಡಿಕೊಂಡು ಗತ್ತಿನಿಂದ ಕೇಳಿದರು:

ಕಾಶಪ್ಪ: ಆತು. ಅಷ್ಟೂ ಧರ್ಮ ಓದೀದಿ. ಎಲ್ಲಾ ಧರ್ಮ ಕೂಡಿ ಏನ್ ಹೇಳ್ತಾವ ಹೇಳು, ಮಾಘದಾಗ ಮದುವಿಯಾದ ಸೊಸಿ ಎಲ್ಲಿರಬೇಕು?

ಇಂದೂ: ಪರೀಕ್ಷಾ ಮುಗಿಯೋತನಕಾ ಪುಣೇದಾಗರಿ.