ಬಾಗಿಲಿಗೆ ಮುನ್ನೂರು ಚಿನ್ನದ ಗಟ್ಟಿ

ಅಂಗಡಿ ತೆರೆದರೆ ನನ್ನ ಹಾಗೆ ತೆರೆಯಬೇಕು! ನಮ್ಮ ನಿಂಗ್ಬೊ ಊರಿನಲ್ಲಿ ಹೊಸ ಅಂಗಡಿಯವರು ದೋಣಿಯಾಕಾರದ ಚಿನ್ನದ ಗಟ್ಟಿಯ ಬೊಂಬೆಯೊಂದನ್ನು ಗಲ್ಲಾದ ಮೇಲಿಟ್ಟು, ಸಿರಿ ಬರಲೆಂದು ಕಾಯುತ್ತಾರೆ. ಒಂದೇ ಒಂದು! ಜಿಪುಣರು! ಹನ್ನೆರಡು ವರ್ಷ ತಳ್ಳುಗಾಡಿಯಲ್ಲಿ ಕಡುಬು ಮಾರಿ ತೆರೆಯುತ್ತಿರುವ ನನ್ನ ಅಂಗಡಿಗೆ ಮುನ್ನೂರು ಗಟ್ಟಿ ಕಟ್ಟುತ್ತೇನೆಂದು ಶಪಥ ಮಾಡಿದೆ.

"ರೀ, ನೀವು ಕಡುಬು ನೋಡ್ಕೊಳ್ಳಿ. ಅಲಂಕಾರದ ಸಾಮಾನು ನಾನು ತರ್ತೀನಿ," ಎಂದಳು ಹೆಂಡತಿ ಹುಯ್‌ಝೆನ್.

"ಸುಮ್ನಿರೇ! ನಾನೇನು ಅಂತ ಬೀದಿಗೆಲ್ಲ ತೋರಿಸ್ತೀನಿ!"

ಹಿಂದಿನ ಗಲ್ಲಿಯ ಮುದುಕನ ಅಂಗಡಿಯಲ್ಲಿ ಹೊಳೆಯುವ ಕಾಗದ ಮಡಿಚಿ ಮಾಡಿದ ಗಟ್ಟಿಗಳು ಮೂಟೆಗಟ್ಟಲೆ ಇದ್ದವು. ಅಗ್ಗವೋ ಅಗ್ಗ! ಮುದುಕ ಸಪ್ಪೆ ಮುಖದಲ್ಲಿ, "ವಯಸ್ಸಾದೋರಾ?" ಎಂದ. ಇವನಿಗೇಕೆ ನಮ್ಮ ಮನೆ ಸುದ್ದಿ? "ಅತ್ತೆಗೆ ಎಂಬತ್ತೆರಡು," ಎಂದೆ. ನಿಟ್ಟುಸಿರುಬಿಟ್ಟು ಒಂದು ಕಟ್ಟು ಊದುಬತ್ತಿ ಪುಕ್ಕಟೆ ಕೊಟ್ಟ. ದೇವರು ದಿಂಡರೆಲ್ಲ ನನ್ನ ಹೆಂಡತಿಯ ಇಲಾಖೆ, ನನಗೇನು ಗೊತ್ತು!

ಮರುದಿನ ಅವಳು ಸೊಪ್ಪು ತರಲು ಹೋದಾಗ ಮುನ್ನೂರು ಗಟ್ಟಿಗಳನ್ನೂ ಪೋಣಿಸಿ ಬಾಗಿಲ ತುಂಬ ಮಾಲೆ ಇಳಿಬಿಟ್ಟೆ. ಅತ್ತೆ ಮಹಡಿಯಲ್ಲಿ ಗೊರಕೆ ಹೊಡೆಯುತ್ತಿದ್ದರು.

ಮೊದಲು ಬಂದವನು ದರ್ಜಿ ಫೂ. ಬಾಗಿಲಲ್ಲೇ ನಿಂತು ಮೂರು ಸಲ ಬಗ್ಗಿ ನಮಸ್ಕರಿಸಿದ. ನನ್ನ ಎದೆ ಉಬ್ಬಿತು!

"ಬಿಸಿ ಕಡುಬು ತಗೋ ಫೂ!"

"ಇಂಥಾ ಹೊತ್ತಲ್ಲಿ ಗಂಟಲಲ್ಲಿ ಇಳಿಯುತ್ತೇನಪ್ಪಾ?" ಎಂದು ಮೂಲೆಯಲ್ಲಿ ಕುಳಿತ.

ಹಿಂದೆಯೇ ನೆರೆಮನೆಯ ತಾನಮ್ಮ ನನ್ನ ಕೈ ಹಿಡಿದು, "ಅಳು ಬಂದ್ರೆ ಅತ್ತುಬಿಡು ಮಗಾ," ಎಂದಳು. ನಾನೇಕೆ ಅಳಲಿ? ಕಡುಬು ಅಷ್ಟು ಕೆಟ್ಟದಾಗಿದೆಯೇ? ಆಮೇಲೆ ಬಂದು ತಿನ್ನತೊಡಗಿದ್ದ ಗಿರಾಕಿಗಳೂ ಅವಳನ್ನು ಕಂಡು ತಟ್ಟೆ ಕೆಳಗಿಟ್ಟು ತಲೆ ತಗ್ಗಿಸಿದರು. ಯಾರೋ ಬಿಳಿ ಸೇವಂತಿಗೆಯ ಚಕ್ರವೊಂದನ್ನು ತಂದು ನಿಲ್ಲಿಸಿದರು. ತಲೆಬುಡ ತಿಳಿಯದಿದ್ದರೂ ಅದನ್ನೂ ಬಾಗಿಲಿಗೇ ಕಟ್ಟಿದೆ!

ಹುಯ್‌ಝೆನ್ ಬಂದಳು. ಸೊಪ್ಪಿನ ಬುಟ್ಟಿ ನೆಲಕ್ಕೆ ಬಿತ್ತು.

"ರೀ! ಇವು ಸತ್ತೋರಿಗೆ ಸುಡೋ ಗಟ್ಟಿ ಕಣ್ರೀ! ಪರಲೋಕದ ಖರ್ಚಿಗೆ! ಅಮ್ಮ ಹೋದ್ರು ಅಂತ ಬೀದೀನೇ ಬಂದಿದೆ!"

ಅಷ್ಟರಲ್ಲಿ ಮೆಟ್ಟಿಲ ಮೇಲಿಂದ, "ಕಡುಬು ಆಯ್ತೇನೇ? ಹೊಟ್ಟೆ ಹಸೀತಿದೆ," ಎನ್ನುತ್ತ ಅತ್ತೆ ಇಳಿದು ಬಂದರು. ತಾನಮ್ಮ ಕಿಟಾರನೆ ಕಿರುಚಿದಳು. ಫೂ ಬೆಂಚು ಹಾರಿದ. ಕಣ್ಣು ಮಿಟುಕಿಸುವಷ್ಟರಲ್ಲಿ ಅಂಗಡಿ ಖಾಲಿ! ನನಗೆ ಈಗ ನಿಜವಾಗಿಯೂ ಅಳು ಬಂತು.

ಅತ್ತೆ ಮಾಲೆಯನ್ನು ಮುಟ್ಟಿ ನೋಡಿದರು. "ಎಷ್ಟಿವೆ?"

"ಮು... ಮುನ್ನೂರು ಅತ್ತೆ. ಈಗಲೇ ಎಸೀತೀನಿ!"

"ಎಸೀಬೇಡಿ ಅಳಿಯಂದ್ರೇ, ಜೋಪಾನವಾಗಿ ಎತ್ತಿಡಿ," ಎಂದರು ಅತ್ತೆ. "ನನ್ನ ಮಗಳ ಕಣ್ಣು ನೋಡಿದ್ರೆ, ಸಂಜೆಯೊಳಗೆ ನಿಮಗೇ ಬೇಕಾಗೋ ಹಾಗಿದೆ!"